ಧನ್ವಂತರಿಯ ಹೆಸರಿನ ಕೃತಕ ಗ್ರಂಥ ಮತ್ತು ಮೈಸೂರು ಅರಮನೆಯ ಸಿಡುಬಿನ ಲಸಿಕೆ

ಸಿಡುಬಿಗೆ ಲಸಿಕೆ ಹಾಕುವ ವಿದ್ಯೆಯನ್ನು ಧನ್ವಂತರಿಯೇ ಬರೆದಿಟ್ಟಿದ್ದಾನೆ, ಇಂಗ್ಲೆಂಡಿನ ಜೆನ್ನರ್ ಮಾಡಿದ್ದು ಅದರ ಪುನರುಕ್ತಿ ಮಾತ್ರ ಎಂಬ ಹೇಳಿಕೆಯೊಂದು ಸುಮಾರು ಇನ್ನೂರು ವರ್ಷಗಳಿಂದ ಚಲಾವಣೆಯಲ್ಲಿದೆ. ಭಾಷಣಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಈಚೆಗೆ ಮೊಬೈಲ್ ಸಂದೇಶಗಳಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಆಧಾರವೆಂದು ಹೆಸರಿಸಲಾಗುವ ಕೃತಿ ‘ಶಾಕ್ತೇಯ ಗ್ರಂಥ’. ಆ ಗ್ರಂಥದ ತಾಳೆಯೋಲೆ ಎಲ್ಲಿದೆ, ಯಾವ ಭಂಡಾರದಲ್ಲಿದೆ, ಯಾರು ಸಂಪಾದಿಸಿದರು ಎಂದು ಕೇಳಿದರೆ ಉತ್ತರವಿಲ್ಲ. ಅದು ಹುಟ್ಟಿದ ಬಗೆಯನ್ನು ಪರಿಶೀಲಿಸಿದರೆ ಹತ್ತೊಂಬತ್ತನೆಯ ಶತಮಾನದ ಆರಂಭದ ಮದರಾಸು, ಅಲ್ಲಿಯ ಒಬ್ಬ ಬಹುಭಾಷಾ ಪಂಡಿತ, ಮತ್ತು ಅದೇ ಕಾಲದ ಮೈಸೂರು ಅರಮನೆ ಕಣ್ಣಮುಂದೆ ಬರುತ್ತವೆ. ಮಕ್ಕಳ ಪ್ರಾಣ ಉಳಿಸುವ ಉಪಾಯವೊಂದನ್ನು ಜನ ಒಪ್ಪಬೇಕಾದರೆ ಅವರಿಗೆ ಏನನ್ನು ತೋರಿಸಬೇಕು ಎಂಬ ಪ್ರಶ್ನೆಗೆ ಆ ಕಾಲದಲ್ಲಿ ದೊರೆತ ಎರಡು ಭಿನ್ನ ಉತ್ತರಗಳ ಚರಿತ್ರೆ ಇದು.

ರೋಗ ಮತ್ತು ಅದರ ಹೆಸರುಗಳು

ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಸಿಡುಬಿಗೆ ‘ಮಸೂರಿಕೆ’ ಎಂದು ಹೆಸರು. ಮಸೂರವೆಂದರೆ ಚೆನ್ನಂಗಿ ಬೇಳೆ; ಮೈಮೇಲೆ ಏಳುವ ಗುಳ್ಳೆಗಳು ಆ ಕಾಳಿನ ಗಾತ್ರದಲ್ಲಿರುವುದರಿಂದ ಈ ಹೆಸರು ಬಂತು. ಚರಕ, ಸುಶ್ರುತರಲ್ಲಿ ಮಸೂರಿಕೆಯ ಪ್ರಸ್ತಾಪ ಬಹಳ ಸಂಕ್ಷಿಪ್ತ. ಮಾಧವಕರನ ‘ಮಾಧವನಿದಾನ’ದಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಅಲ್ಲಿ ದೋಷಗಳಿಗೆ ಅನುಗುಣವಾಗಿ ಗುಳ್ಳೆಗಳ ಬಣ್ಣ, ನೋವು, ಸಾಧ್ಯಾಸಾಧ್ಯತೆಗಳ ವಿವೇಚನೆಯಿದೆ. ರೋಗ ಬರುವ ಮೊದಲೇ ದನದ ಕೆಚ್ಚಲಿನ ಗುಳ್ಳೆಯ ರಸವನ್ನು ತೋಳಿಗೆ ಚುಚ್ಚಿ ಅದನ್ನು ತಡೆಯಬಹುದೆಂಬ ಮಾತು ಈ ಪರಂಪರೆಯಲ್ಲಿ ಎಲ್ಲಿಯೂ ಇಲ್ಲ.

ಕನ್ನಡದ ಜನಭಾಷೆಯಲ್ಲಿ ಈ ರೋಗಕ್ಕೆ ಸಿಡುಬು, ದೊಡ್ಡ ಸಿಡುಬು, ಮೈಲಿ ಎಂಬ ಹೆಸರುಗಳಿವೆ. ಆದರೆ ಮನೆಯಲ್ಲಿ ಮಗುವಿಗೆ ಬಂದಾಗ ಆ ಹೆಸರನ್ನು ಎತ್ತುತ್ತಿರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಮಾರಮ್ಮನಿಗೆ ತಂಪು, ಬೇವಿನ ಸೊಪ್ಪು, ಮೊಸರನ್ನ, ಮನೆಯಲ್ಲಿ ಮಡಿ, ಹೊರಗಿನವರಿಗೆ ಪ್ರವೇಶ ನಿಷೇಧ ಇವೆಲ್ಲ ಆ ಆತಿಥ್ಯದ ಅಂಗಗಳು. ಇವುಗಳಲ್ಲಿ ಕೆಲವು ರೋಗಿಗೆ ನೆಮ್ಮದಿ ಕೊಡುವಂಥವು, ಕೆಲವು ಸೋಂಕು ಹರಡದಂತೆ ತಡೆಯುವಂಥವು. ಆದರೆ ರೋಗ ಬಂದ ಮೇಲೆ ಬದುಕು ದೇವಿಯ ಕೈಯಲ್ಲಿತ್ತು. ಸಿಡುಬಿನ ಉಗ್ರ ಬಗೆಯಲ್ಲಿ ನೂರಕ್ಕೆ ಮೂವತ್ತು ಜನರಷ್ಟು ಸಾಯುತ್ತಿದ್ದರು. ಉಳಿದವರಲ್ಲಿ ಅನೇಕರ ಮುಖದ ಮೇಲೆ ಕಲೆ, ಕೆಲವರಿಗೆ ಕುರುಡು. ಒಮ್ಮೆ ಬಂದು ಬದುಕಿದವನಿಗೆ ಮತ್ತೆ ಬರುವುದಿಲ್ಲ ಎಂಬುದು ಮಾತ್ರ ಎಲ್ಲ ದೇಶಗಳ ಜನರೂ ಅನುಭವದಿಂದ ಕಂಡುಕೊಂಡ ಸತ್ಯ.

ಟೀಕಾ: ಭಾರತದಲ್ಲಿ ನಿಜವಾಗಿ ಇದ್ದ ವಿದ್ಯೆ

ಈ ಅನುಭವದ ಮೇಲೆಯೇ ಒಂದು ಧೀರ ಪ್ರಯೋಗ ಬೆಳೆಯಿತು. ಸಿಡುಬು ಬಂದವರ ಗುಳ್ಳೆಯ ಕೀವನ್ನು ಆರೋಗ್ಯವಂತ ಮಗುವಿನ ಚರ್ಮದ ಗೀರಿನೊಳಗೆ ಸೇರಿಸಿದರೆ ಸಾಮಾನ್ಯವಾಗಿ ಸೌಮ್ಯವಾದ ಸಿಡುಬು ಬಂದು ಹೋಗುತ್ತದೆ, ಮುಂದೆ ಆಯುಷ್ಯವಿಡೀ ರಕ್ಷಣೆ ದೊರೆಯುತ್ತದೆ. ಚೀನಾ, ತುರ್ಕಿ, ಆಫ್ರಿಕದ ಕೆಲವು ಭಾಗಗಳಲ್ಲಿದ್ದಂತೆ ಭಾರತದ ಬಂಗಾಳ ಮೊದಲಾದ ಪ್ರದೇಶಗಳಲ್ಲಿಯೂ ಈ ಪದ್ಧತಿ ಇತ್ತು. ಬಂಗಾಳದಲ್ಲಿದ್ದ ಜೆ. ಝಡ್. ಹಾಲ್ವೆಲ್ 1767ರಲ್ಲಿ ಪ್ರಕಟಿಸಿದ ಪುಸ್ತಿಕೆಯಲ್ಲಿ ಇದರ ವಿವರವಾದ ವರ್ಣನೆಯಿದೆ. ಬೇಸಗೆಗೆ ಮುನ್ನ ಊರೂರು ಸುತ್ತುವ ಬ್ರಾಹ್ಮಣರು, ಹಿಂದಿನ ವರ್ಷ ತೆಗೆದಿಟ್ಟ ಕೀವು, ತಣ್ಣೀರಿನ ಸ್ನಾನ, ಪಥ್ಯ, ದೇವಿಯ ಪೂಜೆ ಎಲ್ಲವನ್ನೂ ಅವನು ದಾಖಲಿಸಿದ್ದಾನೆ. ಈ ವೃತ್ತಿಯವರನ್ನು ಟೀಕಾದಾರರೆಂದು ಕರೆಯುತ್ತಿದ್ದರು. ಇಂದಿನ ಹಿಂದಿಯಲ್ಲಿ ಲಸಿಕೆಗೆ ಟೀಕಾ ಎಂಬ ಪದ ಉಳಿದಿರುವುದು ಆ ಹಳೆಯ ಪದ್ಧತಿಯ ನೆನಪಾಗಿ.

ಯುರೋಪಿಗೆ ಈ ವಿದ್ಯೆ ಹೋದದ್ದು ಪೂರ್ವದಿಂದಲೇ. ತುರ್ಕಿಯಲ್ಲಿದ್ದ ಇಂಗ್ಲಿಷ್ ರಾಯಭಾರಿಯ ಪತ್ನಿ ಮೇರಿ ವರ್ಟ್ಲಿ ಮಾಂಟೆಗ್ಯು 1718ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ತನ್ನ ಮಗನಿಗೂ 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಇದನ್ನು ಮಾಡಿಸಿದಳು. ಆದರೆ ಟೀಕಾ ಪದ್ಧತಿಯಲ್ಲಿ ದೇಹದೊಳಗೆ ಹೋಗುತ್ತಿದ್ದುದು ನಿಜವಾದ ಸಿಡುಬು. ನೂರರಲ್ಲಿ ಒಬ್ಬಿಬ್ಬರು ಅದರಿಂದಲೇ ಸಾಯುತ್ತಿದ್ದರು; ಟೀಕಾ ಪಡೆದ ಮಗುವಿನಿಂದ ಸುತ್ತಲಿನವರಿಗೆ ರೋಗ ಹರಡುವ ಭಯವೂ ಇತ್ತು. ಭಾರತದ ವೈದ್ಯಚರಿತ್ರೆಗೆ ಗೌರವ ಸಲ್ಲಬೇಕಾದರೆ ಅದು ಈ ನಿಜವಾದ ಸಾಧನೆಗೆ ಸಲ್ಲಬೇಕು. ಇದನ್ನು ಮುಂದೆ ಬಂದ ಗೋಸಿಡುಬಿನ ಲಸಿಕೆಯೊಂದಿಗೆ ಬೆರೆಸುವುದರಿಂದಲೇ ಗೊಂದಲ ಆರಂಭವಾಗುತ್ತದೆ.

ಜೆನ್ನರನ ಪ್ರಯೋಗ ಮತ್ತು ತೋಳಿನಿಂದ ತೋಳಿಗೆ ಪಯಣ

ಇಂಗ್ಲೆಂಡಿನ ಗ್ಲೌಸ್ಟರ್‌ಷೈರಿನ ಬರ್ಕ್ಲಿ ಎಂಬ ಊರಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹೆಂಗಸಿನ ಕೈಮೇಲಿನ ಗೋಸಿಡುಬಿನ ಗುಳ್ಳೆಯಿಂದ ರಸ ತೆಗೆದು ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿಗೆ ಹಾಕಿದನು. ಕೆಲವು ವಾರಗಳ ಅನಂತರ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವು ಚುಚ್ಚಿದಾಗ ರೋಗ ಬರಲಿಲ್ಲ. ಹಸುವಿನಿಂದ ಬರುವ ಈ ಸಣ್ಣ ರೋಗ ಮನುಷ್ಯನನ್ನು ಕೊಲ್ಲುವುದಿಲ್ಲ, ಗಾಳಿಯಲ್ಲಿ ಹರಡುವುದಿಲ್ಲ, ಆದರೂ ಸಿಡುಬನ್ನು ತಡೆಯುತ್ತದೆ. 1798ರಲ್ಲಿ ಅವನ ಪುಸ್ತಕ ಹೊರಬಂತು. ಲ್ಯಾಟಿನ್ನಿನಲ್ಲಿ ‘ವ್ಯಾಕ್ಕಾ’ ಎಂದರೆ ಹಸು. ವ್ಯಾಕ್ಸಿನ್ ಎಂಬ ಪದದ ಮೂಲ ಅದು. ಕನ್ನಡದ ‘ಲಸಿಕೆ’ ಆಯುರ್ವೇದದಲ್ಲಿ ದೇಹದ ತಿಳಿಯಾದ ದ್ರವಕ್ಕಿದ್ದ ಹೆಸರು. ಗುಳ್ಳೆಯ ರಸವನ್ನೇ ಔಷಧವಾಗಿ ಬಳಸಿದ್ದರಿಂದ ಆ ಪದಕ್ಕೆ ಹೊಸ ಅರ್ಥ ಕೂಡಿತು.

ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಉಷ್ಣದೇಶಗಳಿಗೆ ಈ ರಸವನ್ನು ಜೀವಂತವಾಗಿ ಒಯ್ಯುವುದು ದುಸ್ತರವಾಗಿತ್ತು. ಹಡಗಿನಲ್ಲಿ ಕಳಿಸಿದ ರಸ ದಾರಿಯಲ್ಲೇ ನಿರ್ವೀರ್ಯವಾಗುತ್ತಿತ್ತು. ವಿಯೆನ್ನಾದ ವೈದ್ಯ ಜೀನ್ ದ ಕಾರೋ ಕಳಿಸಿದ ರಸ ಬಾಗ್ದಾದನ್ನು ತಲುಪಿತು. ಅಲ್ಲಿಂದ ಬಸ್ರಾ, ಬಸ್ರಾದಿಂದ ಮುಂಬಯಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಅದು ಫಲಿಸಿತು. ಭಾರತದಲ್ಲಿ ಯಶಸ್ವಿಯಾಗಿ ಲಸಿಕೆ ಪಡೆದ ಮೊದಲ ವ್ಯಕ್ತಿ ಆ ಮಗು. ಅವಳ ತೋಳಿನ ಗುಳ್ಳೆಯಿಂದ ಐದು ಮಕ್ಕಳಿಗೆ, ಆ ಮಕ್ಕಳಿಂದ ಇತರರಿಗೆ ಎಂಬಂತೆ ಲಸಿಕೆ ಪುಣೆ, ಸೂರತ್, ಹೈದರಾಬಾದ್, ಮದರಾಸುಗಳ ಕಡೆಗೆ ನಡೆಯಿತು.

ಈ ‘ತೋಳಿನಿಂದ ತೋಳಿಗೆ’ ಎಂಬ ಕ್ರಮವನ್ನು ಅರ್ಥಮಾಡಿಕೊಳ್ಳದೆ ಜನರ ಹಿಂಜರಿಕೆಯನ್ನು ಅರ್ಥಮಾಡಿಕೊಳ್ಳಲು ಬರುವುದಿಲ್ಲ. ಲಸಿಕೆ ಪಡೆದ ಮಗು ಸುಮಾರು ಎಂಟನೆಯ ದಿನ ಮತ್ತೆ ಬರಬೇಕು. ಅದರ ತೋಳಿನ ಗುಳ್ಳೆಯನ್ನು ಒಡೆದು ರಸ ತೆಗೆಯಬೇಕು. ಆ ರಸ ಇನ್ನೊಂದು ಜಾತಿಯ, ಇನ್ನೊಂದು ಕೇರಿಯ ಮಗುವಿನ ರಕ್ತದೊಡನೆ ಸೇರಬೇಕು. ಆಗತಾನೇ ಚೇತರಿಸಿಕೊಳ್ಳುತ್ತಿದ್ದ ಮಗುವಿನ ಗಾಯವನ್ನು ಮತ್ತೆ ಕೆದಕುವುದನ್ನು ಯಾವ ತಾಯಿಯೂ ಸಂತೋಷದಿಂದ ಒಪ್ಪಲಾರಳು. ಬೇರೊಬ್ಬರ ದೇಹದ ರಸವನ್ನು ಒಳಗೆ ಬಿಟ್ಟುಕೊಳ್ಳುವುದು ಮಡಿ ಮೈಲಿಗೆಯ ಸಮಾಜಕ್ಕೆ ಸಹ್ಯವಾಗಿರಲಿಲ್ಲ. ಹಾಕುವವನು ಪರದೇಶದ ಕಂಪನಿಯ ನೌಕರ. ಟೀಕಾದಾರನಂತೆ ದೇವಿಯ ಹೆಸರು ಹೇಳುವವನಲ್ಲ. ಇದನ್ನೆಲ್ಲ ‘ಮೂಢನಂಬಿಕೆ’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿದ್ದು ಕಂಪನಿಯ ವರದಿಗಳ ದೋಷ.

ಮೈಸೂರು: ದೊಡ್ಡಸ್ವಾಮಿ ಮತ್ತು ಅರಮನೆಯ ಹೆಂಗಸರು

ಮೈಸೂರು ಸೀಮೆಯಲ್ಲಿ ಲಸಿಕೆ ಹರಡಿದವರಲ್ಲಿ ಅಬೆ ದುಬುವಾ ಮುಖ್ಯನು. ಫ್ರೆಂಚ್ ಕ್ರೈಸ್ತ ಪಾದ್ರಿಯಾದ ಇವನು ಶ್ರೀರಂಗಪಟ್ಟಣದ ಪತನಾನಂತರ ಇಲ್ಲಿಯ ಕ್ರೈಸ್ತರ ನಡುವೆ ಕೆಲಸ ಮಾಡಿದವನು. ಈ ನೆಲದ ಉಡುಪು, ಆಹಾರಗಳನ್ನು ಅನುಸರಿಸಿದ್ದರಿಂದ ಜನ ಅವನನ್ನು ದೊಡ್ಡಸ್ವಾಮಿ ಎಂದು ಕರೆದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವನ ಗ್ರಂಥ ಪ್ರಸಿದ್ಧವಾದುದು. ಅದರ ಬಹುಭಾಗ ಹಿಂದಿನ ಪಾದ್ರಿ ಕೂರ್ದೂ ಬರೆದಿಟ್ಟಿದ್ದ ಟಿಪ್ಪಣಿಗಳಿಂದ ಬಂದುದೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆ ತೋರಿಸಿದೆ. ಆದರೆ ಲಸಿಕೆಯ ಕೆಲಸ ಅವನದೇ. 1803-04ರ ಅವಧಿಯಲ್ಲಿ 25,432 ಜನರಿಗೆ ಅವನ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕಿ ದಾಖಲಿಸಲಾಯಿತು. ಜನರ ಭಾಷೆ ಬಲ್ಲವನು, ಅವರ ನಡುವೆ ವರ್ಷಗಟ್ಟಲೆ ಬಾಳಿದವನು ಹೇಳಿದ ಮಾತಿಗೆ ಬೆಲೆ ಬಂತೆಂಬುದನ್ನು ಈ ಸಂಖ್ಯೆ ಸೂಚಿಸುತ್ತದೆ.

ಅರಮನೆಯ ಪಾತ್ರ ಇದಕ್ಕಿಂತ ಕುತೂಹಲಕರ. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನವೇರಿದಾಗ ದಿವಾನರಾಗಿದ್ದವರು ಪೂರ್ಣಯ್ಯನವರು. ಅಂತಃಪುರದ ಹಿರಿಯರಾಗಿದ್ದವರು ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಹೈದರ್ ಮತ್ತು ಟಿಪ್ಪುವಿನ ಕಾಲವಿಡೀ ಒಡೆಯರ ವಂಶದ ಹಕ್ಕಿಗಾಗಿ ಹೆಣಗಿದ ಆ ವೃದ್ಧೆಗೆ ಬಾಲರಾಜನ ಜೀವ ಎಷ್ಟು ಅಮೂಲ್ಯವೆಂಬುದನ್ನು ಹೇಳಬೇಕಾಗಿಲ್ಲ. ಸಿಡುಬು ಒಂದು ಸಲ ಅರಮನೆಯ ಹೊಸ್ತಿಲು ದಾಟಿದರೆ ಮತ್ತೆ ಸ್ಥಾಪಿತವಾದ ವಂಶವೇ ಅಳಿಯಬಹುದಿತ್ತು.

ಐರಿಷ್ ಚಿತ್ರಕಾರ ಥಾಮಸ್ ಹಿಕಿ ಸುಮಾರು 1805ರಲ್ಲಿ ಬರೆದ ಒಂದು ತೈಲಚಿತ್ರದಲ್ಲಿ ಆಭರಣಭೂಷಿತರಾದ ಮೂವರು ಹೆಂಗಸರಿದ್ದಾರೆ. ಬಹುಕಾಲ ಅವರನ್ನು ನರ್ತಕಿಯರೆಂದೋ ಗಣಿಕೆಯರೆಂದೋ ಭಾವಿಸಲಾಗಿತ್ತು. ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸಲರ್ ಇವರು ಮೈಸೂರಿನ ರಾಜಸ್ತ್ರೀಯರೆಂದು ವಾದಿಸಿದರು. ಅವರ ಪ್ರಕಾರ ಮಧ್ಯದಲ್ಲಿರುವವರು ಲಕ್ಷ್ಮಮ್ಮಣ್ಣಿ. ಇಬ್ಬದಿಯಲ್ಲಿ ಇರುವವರು ಮುಮ್ಮಡಿ ಕೃಷ್ಣರಾಜರ ಇಬ್ಬರು ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ಬಲಗಡೆಯ ಕಿರಿಯ ರಾಣಿ ಸೆರಗನ್ನು ಸರಿಸಿ ಎಡತೋಳಿನ ಭಾಗವನ್ನು ತೋರುತ್ತಿದ್ದಾಳೆ. ಅದು ಲಸಿಕೆ ಹಾಕುವ ಜಾಗ. ಎಡಗಡೆಯ ಹಿರಿಯ ರಾಣಿಯ ಮೂಗು, ಬಾಯಿಗಳ ಸುತ್ತ ಕಾಣುವ ಬಣ್ಣದ ವ್ಯತ್ಯಾಸ ಹಳೆಯ ಟೀಕಾ ಪದ್ಧತಿಯ ಗುರುತಾಗಿರಬಹುದೆಂದು ಅವರ ಊಹೆ. ಒಬ್ಬಳ ಮುಖದಲ್ಲಿ ಹಳೆಯ ವಿದ್ಯೆ, ಇನ್ನೊಬ್ಬಳ ತೋಳಿನಲ್ಲಿ ಹೊಸ ವಿದ್ಯೆ. ಈ ಗುರುತಿಸುವಿಕೆ ವಿದ್ವಾಂಸರೊಬ್ಬರ ವ್ಯಾಖ್ಯಾನವೇ ಹೊರತು ಅಂತಿಮ ನಿರ್ಣಯವಲ್ಲ. ಆದರೆ ಲಕ್ಷ್ಮಮ್ಮಣ್ಣಿಯವರು ಅರಮನೆಯ ಸೊಸೆಗೆ ಲಸಿಕೆ ಹಾಕಿಸಲು ಒಪ್ಪಿದ್ದು ಜನರ ಮೇಲೆ ಒಳ್ಳೆಯ ಪರಿಣಾಮ ಬೀರಿತೆಂಬುದಕ್ಕೆ ಆ ಕಾಲದ ಕಂಪನಿಯ ಬರಹಗಳನ್ನೂ ಚಾನ್ಸಲರ್ ಆಧಾರವಾಗಿ ಕೊಡುತ್ತಾರೆ. ಮುಖವನ್ನೇ ಪರರಿಗೆ ತೋರಿಸದ ಅಂತಃಪುರದ ಹೆಂಗಸರು ಪರದೇಶೀಯ ಚಿತ್ರಕಾರನ ಮುಂದೆ ನಿಂತರೆಂಬುದು ನಿಜವಾದರೆ ಅದು ಸಣ್ಣ ನಿರ್ಧಾರವಲ್ಲ.

ಮದರಾಸು: ಪಂಡಿತನ ಕೃತಕ ಪದ್ಯ

ಇದೇ ಕಾಲದಲ್ಲಿ ಮದರಾಸಿನಲ್ಲಿ ಬೇರೊಂದು ಪ್ರಯತ್ನ ನಡೆಯಿತು. ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬ ಹೆಸರು ಕನ್ನಡ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. 1816ರಲ್ಲಿ ಕ್ಯಾಂಬೆಲ್‌ನ ತೆಲುಗು ವ್ಯಾಕರಣಕ್ಕೆ ಬರೆದ ಪೀಠಿಕೆಯಲ್ಲಿ ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಒಂದೇ ಬೇರೆ ಮೂಲದವು ಎಂದು ಸಾಧಿಸಿದವನು ಅವನು. ಕಾಲ್ಡ್ವೆಲ್‌ಗಿಂತ ನಾಲ್ಕು ದಶಕ ಹಿಂದೆ ದ್ರಾವಿಡ ಭಾಷಾವರ್ಗವನ್ನು ಗುರುತಿಸಿದ ಈ ಪಂಡಿತನು ಮದರಾಸಿನ ಕಲೆಕ್ಟರನಾಗಿದ್ದನು.

ಮೈಸೂರಿನಲ್ಲಿ ರೆಸಿಡೆಂಟನೂ ಆಗಿದ್ದ ಜಾನ್ ಮಾಲ್ಕಮ್ ಬರೆದಿಟ್ಟಿರುವಂತೆ, ಎಲ್ಲಿಸ್ ಲಸಿಕೆಯನ್ನು ಕುರಿತು ಸಂಸ್ಕೃತದಲ್ಲಿ ಒಂದು ಕಿರುಪದ್ಯವನ್ನು ತಾನೇ ರಚಿಸಿದನು. ಅದನ್ನು ಹಳೆಯ ಕಾಗದದ ಮೇಲೆ ಬರೆಸಿ, ಎಲ್ಲೋ ದೊರೆತ ಪುರಾತನ ಕೃತಿಯೆಂಬ ಭಾವನೆ ಬರುವಂತೆ ಮಾಡಲಾಯಿತು. ಪೂಜ್ಯವಾದ ಗೋವಿನಿಂದಲೇ ಈ ರಕ್ಷೆ ಬಂದುದೆಂದು ಬ್ರಾಹ್ಮಣರು ನಂಬಲಿ ಎಂಬುದು ಉದ್ದೇಶ. ತಮಿಳಿನಲ್ಲಿಯೂ ಅವನು ದೇವಿ ಮತ್ತು ಧನ್ವಂತರಿಯ ಸಂವಾದರೂಪದ ಗೋಸಿಡುಬಿನ ಕಥೆಯೊಂದನ್ನು ರಚಿಸಿದ್ದನು.

ವಿಪರ್ಯಾಸವೆಂದರೆ ಕೃತಕ ಗ್ರಂಥಗಳನ್ನು ಬಯಲಿಗೆಳೆದ ಕೀರ್ತಿಯೂ ಇದೇ ಎಲ್ಲಿಸನದು. ಫ್ರಾನ್ಸಿನ ವೊಲ್ಟೇರ್ ಅತಿ ಪ್ರಾಚೀನವೆಂದು ನಂಬಿ ಹೊಗಳಿದ್ದ ‘ಎಜೂರ್ ವೇದಂ’ ಕ್ರೈಸ್ತ ಪಾದ್ರಿಗಳ ವಲಯದಲ್ಲಿ ಹುಟ್ಟಿದ ಆಧುನಿಕ ಅನುಕರಣವೆಂದು ಪಾಂಡಿಚೇರಿಯ ಹಸ್ತಪ್ರತಿಗಳನ್ನು ಪರೀಕ್ಷಿಸಿ ತೋರಿಸಿದವನು ಅವನು. ಆ ಲೇಖನ ಅವನ ಮರಣಾನಂತರ 1822ರಲ್ಲಿ ‘ಏಷ್ಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ ಪ್ರಕಟವಾಯಿತು. ಮತಪ್ರಚಾರಕ್ಕಾಗಿ ಹುಟ್ಟಿದ ಸುಳ್ಳು ವೇದವನ್ನು ಗುರುತಿಸಿದ ಕಣ್ಣೇ ಲೋಕೋಪಕಾರಕ್ಕಾಗಿ ಇನ್ನೊಂದು ಸುಳ್ಳು ಶಾಸ್ತ್ರವನ್ನು ಹುಟ್ಟಿಸಿತು.

1819ರ ಜನವರಿಯಲ್ಲಿ ‘ಮದರಾಸ್ ಕೊರಿಯರ್’ ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಧನ್ವಂತರಿಯದೆಂದು ಹೇಳಲಾದ ‘ಶಾಕ್ತೇಯ ಗ್ರಂಥ’ದಿಂದ ಅದರಲ್ಲಿ ಉದ್ಧರಣೆಯಿತ್ತು. ಹಸುವಿನ ಕೆಚ್ಚಲಿನ ಅಥವಾ ಮನುಷ್ಯನ ಭುಜ, ಮೊಣಕೈಗಳ ನಡುವಣ ಗುಳ್ಳೆಯ ರಸವನ್ನು ಶಸ್ತ್ರದ ತುದಿಯಲ್ಲಿ ತೆಗೆದು, ಇನ್ನೊಬ್ಬನ ತೋಳಿನ ಅದೇ ಭಾಗದಲ್ಲಿ ರಕ್ತ ಕಾಣುವಂತೆ ಚುಚ್ಚಿ ಬೆರೆಸಬೇಕೆಂಬುದು ಅದರ ಸಾರ. ಅದೇ ವರ್ಷದ ಮಾರ್ಚಿನಲ್ಲಿ ಎಲ್ಲಿಸ್ ರಾಮನಾಡಿನಲ್ಲಿ ಅಕಾಲಮೃತ್ಯುವಿಗೆ ತುತ್ತಾದನು. ಅವನ ಕಾಗದಪತ್ರಗಳ ಬಹುಭಾಗ ನಾಶವಾಯಿತು. ಆದರೆ ಪತ್ರಿಕೆಯ ಉದ್ಧರಣೆ ಬದುಕಿತು. ಅಲ್ಲಿಂದ ಯುರೋಪಿನ ವೈದ್ಯಗ್ರಂಥಗಳಿಗೆ, ಅಲ್ಲಿಂದ ಮತ್ತೆ ಭಾರತಕ್ಕೆ ಮರಳಿತು. 1905ರಲ್ಲಿ ಮದರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಉದ್ಘಾಟನೆಯಲ್ಲಿ ಗವರ್ನರ್ ಆಂಪ್ಟ್‌ಹಿಲ್ ಕೂಡ ಧನ್ವಂತರಿಯ ಹೆಸರಿನ ಈ ವಿಷಯವನ್ನು ಪ್ರಸ್ತಾಪಿಸಿದನು. ಸಂಸ್ಕೃತ ವೈದ್ಯಸಾಹಿತ್ಯದ ವಿದ್ವಾಂಸ ಡಾಮಿನಿಕ್ ವುಯಾಸ್ಟಿಕ್ 1987ರಲ್ಲಿ ಈ ಇಡೀ ಸರಪಳಿಯನ್ನು ಬಿಡಿಸಿ ತೋರಿಸಿ, ಇದನ್ನು ‘ಸದುದ್ದೇಶದ ವಂಚನೆ’ ಎಂಬರ್ಥದ ಹೆಸರಿನಿಂದ ಕರೆದರು.

ಗ್ರಂಥ ಪರೀಕ್ಷೆ

ಹೊರಗಿನ ಸಾಕ್ಷ್ಯವಿಲ್ಲದಿದ್ದರೂ ಒಳಗಿನ ಸಾಕ್ಷ್ಯವೇ ಇಲ್ಲಿ ಸಾಕು. ಉದ್ಧರಣೆಯ ಪ್ರತಿ ಹಂತವೂ ಜೆನ್ನರನ ಅನಂತರ ರೂಢಿಗೆ ಬಂದ ತೋಳಿನಿಂದ ತೋಳಿಗೆ ಹಾಕುವ ಕ್ರಮದ ಯಥಾವತ್ ವರ್ಣನೆ. ಶಾಸ್ತ್ರಗ್ರಂಥಗಳಿಗೆ ಸಹಜವಾದ ದೋಷವಿಚಾರ, ಪಥ್ಯ, ಕಾಲನಿಯಮ, ದ್ರವ್ಯಗುಣಗಳೊಡನೆ ಅದು ಹೆಣೆದುಕೊಂಡಿಲ್ಲ. ಹಿಂದಿನ ವ್ಯಾಖ್ಯಾನಕಾರನಾಗಲಿ ಸಂಗ್ರಹಕಾರನಾಗಲಿ ಆ ಗ್ರಂಥವನ್ನು ಹೆಸರಿಸಿಲ್ಲ. 

ನಿಜವಾದ ವೈದ್ಯಕೃತಿ ಹೇಗಿರುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳಿವೆ. ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಗುರು ಶ್ರೀನಂದಿಯ ಹೆಸರಿದೆ, ರಚನೆಯ ಸ್ಥಳ ರಾಮಗಿರಿಯ ಉಲ್ಲೇಖವಿದೆ, ನೃಪತುಂಗನ ಸಭೆಯಲ್ಲಿ ಮಾಂಸನಿಷೇಧವನ್ನು ಕುರಿತು ನಡೆದ ವಾದದ ನಿರೂಪಣೆಯಿದೆ. ಜಗದ್ದಳ ಸೋಮನಾಥ ತನ್ನ ‘ಕರ್ಣಾಟಕ ಕಲ್ಯಾಣಕಾರಕ’ಕ್ಕೆ ಪೂಜ್ಯಪಾದರ ಕೃತಿ ಮೂಲವೆಂದು ಹೇಳಿಕೊಳ್ಳುತ್ತಾನೆ. ಚಾಲುಕ್ಯ ವಂಶದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ವನ್ನು, ಮಂಗರಾಜ ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದರು. ಇವಕ್ಕೆಲ್ಲ ಕರ್ತೃವಿದ್ದಾನೆ, ಕಾಲವಿದೆ, ಪರಂಪರೆಯಿದೆ. ಹೆಮ್ಮೆಪಡಲು ಇಷ್ಟು ನಿಜವಾದ ಸಂಪತ್ತಿರುವಾಗ ಕಂಪನಿಯ ಅಧಿಕಾರಿಯೊಬ್ಬ ಮೋಸದಿಂದ ಕಟ್ಟಿದ ಪದ್ಯವನ್ನು ಪೂರ್ವಜರ ವಿದ್ಯೆಯೆಂದು ಹೊತ್ತು ತಿರುಗುವುದು ಪೂರ್ವಜರಿಗೆ ತೋರುವ ಗೌರವವಲ್ಲ.

ಮುಂದಿನ ದಾರಿ

ಲಸಿಕೆಯ ಹಿಂಜರಿಕೆ ಕೃತಕ ಪದ್ಯದಿಂದ ಕರಗಲಿಲ್ಲ. ಹತ್ತೊಂಬತ್ತನೆಯ ಶತಮಾನವಿಡೀ ಅದು ಮುಂದುವರಿಯಿತು. ನಗರಗಳಲ್ಲಿಯೂ ದಂಡುಪ್ರದೇಶಗಳಲ್ಲಿಯೂ ಶಿಶುಗಳಿಗೆ ಲಸಿಕೆಯನ್ನು ಕಡ್ಡಾಯ ಮಾಡಲು ಅವಕಾಶ ಕೊಟ್ಟ ಕಾಯಿದೆ 1880ರಲ್ಲಿ ಬಂತು. ಮಗುವಿನ ತೋಳಿನ ಬದಲು ಕರುವಿನ ಚರ್ಮದ ಮೇಲೆ ರಸವನ್ನು ಬೆಳೆಸುವ ಕ್ರಮ ರೂಢಿಗೆ ಬಂದಾಗ ತಾಯಂದಿರ ಮುಖ್ಯ ಆಕ್ಷೇಪವೊಂದು ತಾನಾಗಿಯೇ ಇಲ್ಲವಾಯಿತು. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಕೆಲಸ ನಿರಾಕರಿಸಲ್ಪಟ್ಟ ವೈದ್ಯ ಪದ್ಮನಾಭನ್ ಪಲ್ಪು ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಬೆಂಗಳೂರಿನ ಲಸಿಕೆ ತಯಾರಿಕೆಯಲ್ಲಿ ದುಡಿದರು. ಬೆಳಗಾವಿಯ ಟಿಳಕವಾಡಿಯಲ್ಲಿರುವ ‘ವ್ಯಾಕ್ಸಿನ್ ಡಿಪೋ’ ಮೈದಾನದ ಹೆಸರು ಆ ಯುಗದ ಕುರುಹು. ಹಳೆ ಮೈಸೂರಿನವರು ‘ದಾಕು ಹಾಕಿಸುವುದು’ ಎಂದೂ ಉತ್ತರ ಕರ್ನಾಟಕದವರು ‘ದೇವಿ ಹಾಕಿಸುವುದು’ ಎಂದೂ ಹೇಳುತ್ತಿದ್ದರು. ಎರಡನೆಯ ಮಾತಿನಲ್ಲಿ ರೋಗದ ದೇವತೆಯೇ ರಕ್ಷೆಯ ಹೆಸರಾಗಿದ್ದಾಳೆ. ಯಾರೂ ಕೃತಕವಾಗಿ ಕಟ್ಟದೆ ಜನರೇ ತಮ್ಮ ಭಾಷೆಯಲ್ಲಿ ಲಸಿಕೆಗೆ ಮಾಡಿಕೊಟ್ಟ ಸ್ಥಾನವದು.

ಭಾರತದ ಕೊನೆಯ ಸಿಡುಬಿನ ಪ್ರಕರಣ 1975ರ ಮೇ ತಿಂಗಳಿನದು. 1980ರ ಮೇ 8ರಂದು ಸಿಡುಬು ಜಗತ್ತಿನಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಭೆ ಘೋಷಿಸಿತು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರ, ಪೋಲಿಯೋಗಳ ವಿರುದ್ಧ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಆರಂಭವಾಯಿತು. 2011ರ ಜನವರಿಯ ಅನಂತರ ಭಾರತದಲ್ಲಿ ಕಾಡು ಪೋಲಿಯೋ ವೈರಾಣುವಿನ ಪ್ರಕರಣ ಕಂಡಿಲ್ಲ. ಸಿಡುಬಿನ ಕಲೆಯ ಮುಖಗಳು ಬೀದಿಗಳಿಂದ ಮಾಯವಾದಂತೆ ರೋಗದ ಭಯವೂ ಮಾಯವಾಗಿದೆ. ಭಯ ಹೋದ ಕಡೆ ಈಗ ಸೂಜಿಯ ಮೇಲಿನ ಸಂಶಯ ತಲೆಯೆತ್ತುತ್ತಿದೆ. ದಡಾರದಂಥ ಅತಿ ಸಾಂಕ್ರಾಮಿಕ ರೋಗವನ್ನು ತಡೆಯಲು ನೂರಕ್ಕೆ ತೊಂಬತ್ತೈದು ಮಕ್ಕಳಿಗಾದರೂ ಎರಡು ವರಸೆ ಲಸಿಕೆ ಆಗಿರಬೇಕು. ಕೆಲವೇ ಮನೆಗಳು ಹಿಂದೆ ಸರಿದರೂ ಅದು ಮತ್ತೆ ನುಗ್ಗುತ್ತದೆ.

ಆ ಸಂಶಯವನ್ನು ಎದುರಿಸುವವರಿಗೆ ಎಲ್ಲಿಸನ ದಾರಿಯೂ ಇದೆ, ಲಕ್ಷ್ಮಮ್ಮಣ್ಣಿಯವರ ದಾರಿಯೂ ಇದೆ. ಸದುದ್ದೇಶದಿಂದ ಹೇಳಿದ ಸುಳ್ಳು ಎರಡು ಶತಮಾನ ಕಳೆದರೂ ಪಾಠಗಳನ್ನು ಕಲುಷಿತಗೊಳಿಸುತ್ತಿದೆ; ಅದು ಬಯಲಾದಾಗ ಅದರೊಡನೆ ಸತ್ಯದ ಮೇಲಿನ ನಂಬಿಕೆಯೂ ಅಲುಗುತ್ತದೆ. ಅರಮನೆಯ ಹಿರಿಯಳು ಪ್ರಾಚೀನ ಶ್ಲೋಕವನ್ನು ಹುಡುಕಲಿಲ್ಲ. ತನ್ನ ಮನೆಯ ಹೆಣ್ಣುಮಗಳಿಗೆ ಮೊದಲು ಲಸಿಕೆ ಹಾಕಿಸಿದಳು, ಜನ ಅದನ್ನು ಕೇಳಿ ತಮ್ಮ ಮಕ್ಕಳನ್ನು ಕರೆತಂದರು. ಇಂದು ಅಂಗನವಾಡಿಯ ಮುಂದೆ ಮಗುವನ್ನು ಎತ್ತಿಕೊಂಡು ನಿಲ್ಲುವ ತಾಯಿಗೂ ಪಕ್ಕದ ಮನೆಯ ಮಗು ಲಸಿಕೆ ಪಡೆದು ಆರೋಗ್ಯವಾಗಿರುವುದು ಯಾವ ಗ್ರಂಥಕ್ಕಿಂತಲೂ ದೊಡ್ಡ ಪ್ರಮಾಣ.